ಮೊದಲು ಮೈ ತೋಯಿಸಿದ ಅಕ್ಕನಿಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಮೊನ್ನೆ ಶನಿವಾರ ಬೆಳಗಿನ ಐದೂವರೆಗೆ ನಮ್ಮ ಗೆಳೆಯ ಮನೆಯಿಂದ ಬೀದಿ ಕೊನೆಯ ಅಂಚೆಪೆಟ್ಟಿಗೆಯ ತನಕ ಒಬ್ಬನೇ ನಡೆದು ವಾಪಸ್ ಬಂದ. ಗ್ರ್ಯಾಂಡ್ ಕ್ಯಾನಿಯನ್ನಿನ ಚಾರಣದಲ್ಲಿ ಬಿಸಿಲಿನ ಹೊಡೆತಕ್ಕೆ (ಹೀಟ್ ಸ್ಟ್ರೋಕ್) ಸಿಕ್ಕಿದ ಮೇಲೆ ಅವನು ಕಳೆದ ಆಸ್ಪತ್ರೆಯ ದಿನಗಳ ಕಥೆ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಅದೇ ರಾತ್ರಿ ಹುಷಾರು ತಪ್ಪಿದ್ದ, ನಮ್ಮ ಜೊತೆಗಿದ್ದ ತಂಗಿಯೂ ಕೆಲಸಕ್ಕೆ ಹೋಗುತ್ತಿದ್ದಾಳೆ. ಇನ್ನು ಋಣದ ಮಾತು.

ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಊರಿನ ಆಸ್ಪತ್ರೆಗೆ ಸರದಿಯಲ್ಲಿ ಅನ್ನ-ಸಾರು ಹೊತ್ತು ತಂದವರು, ಮಕ್ಕಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡವರು, ವಿಮೆಯ ಕಾಗದಪತ್ರ ತುಂಬಿಕೊಟ್ಟವರು, ಸುದ್ದಿ ತಿಳಿದ ದಿನವೇ ದಾವಣಗೆರೆಯಿಂದ ಹೊರಟು ಬಂದ ಅವನ ಅಣ್ಣ-ಅತ್ತಿಗೆ, ರೇಂಜರುಗಳು, ಹೆಲಿಕಾಪ್ಟರಿನವರು, ತಮ್ಮ ಪಾಲಿನ ನೀರನ್ನೇ ಸುರಿದುಕೊಟ್ಟ ಹೆಸರು ಗೊತ್ತಿಲ್ಲದ ಚಾರಣಿಗರು: ಯಾರನ್ನೂ ಮರೆತಿಲ್ಲ.

ಉಳಿದದ್ದೆಲ್ಲ ಅಕ್ಕನಿಗೆ. ‘ನನ್ ಹೆಸರು ಹಾಕಬ್ಯಾಡ್ರಿ’ ಎಂದು ಖಡಾಖಂಡಿತವಾಗಿ ಹೇಳಿದ್ದಾರೆ, ಹಾಕಿಲ್ಲ. ಧಾರವಾಡದ ಕಡೆಯವರು, ಇಲ್ಲಿ ಫೀನಿಕ್ಸಿನಲ್ಲಿ ತುರ್ತು ಚಿಕಿತ್ಸೆಯ ನರ್ಸ್. ಅಷ್ಟು ಸಾಕು.

ಅಕ್ಕ ಮಾಡಿದ್ದು ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಜಾಗ ಎಂಥದ್ದು ಎನ್ನುವುದು ಗೊತ್ತಿರಬೇಕು. ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚು ಸುಮಾರು 2,100 ಮೀಟರ್ ಎತ್ತರದಲ್ಲಿದೆ, ಕೆಳಗೆ ಕೊಲೊರಾಡೊ ನದಿ ಸುಮಾರು 750 ಮೀಟರಿನಲ್ಲಿ. ಜುಲೈ ಮಧ್ಯಾಹ್ನ ಮೇಲೆ 29 ಡಿಗ್ರಿ ಸೆಲ್ಸಿಯಸ್ ಇದ್ದರೆ ಕೆಳಗೆ ನದಿಬದಿಯ ತಂಗುದಾಣವಾದ ಫ್ಯಾಂಟಮ್ ರ‍್ಯಾಂಚ್ ಹತ್ತಿರ 41. ಅದೂ ನೆರಳಿನ ಲೆಕ್ಕ. ನದಿಯ ಇಕ್ಕೆಲದ ಕಪ್ಪು ಶಿಸ್ಟ್ ಬಂಡೆ ಹಗಲೆಲ್ಲ ಕಾದು ರಾತ್ರಿಯೂ ಶಾಖ ಉಗುಳುತ್ತಿರುತ್ತದೆ. ಬೆಟ್ಟ ಹತ್ತುವಾಗ ಮೊದಲು ಕಷ್ಟ, ಆಮೇಲೆ ಇಳಿಜಾರು; ಕಣಿವೆಯಲ್ಲಿ ಅದು ತಿರುಗುಮುರುಗು. ಇಳಿಯುವಾಗ ಕಾಲಿಗೆ ಹಿತ, ಗಾಳಿ ತಂಪು, ‘ಇಷ್ಟೇನಾ’ ಅನ್ನಿಸುತ್ತದೆ. ದಣಿದ ಕಾಲಿನಲ್ಲಿ, ದಿನದ ಅತಿ ಬಿಸಿಯ ಹೊತ್ತಿನಲ್ಲಿ ಏರುವುದು ಕೊನೆಗೆ ಉಳಿದಿರುತ್ತದೆ. ಇಳಿದದ್ದಕ್ಕೆ ಎರಡರಷ್ಟು ಸಮಯ ಏರುವುದಕ್ಕೆ ಇಟ್ಟುಕೊಳ್ಳಿ ಎನ್ನುವುದು ಅದಕ್ಕೇ.

ಬ್ರೈಟ್ ಏಂಜೆಲ್ ದಾರಿಯಲ್ಲಿ ನದಿ ಬಿಟ್ಟು ಮೇಲೆ ಬರುವಾಗ ಡೆವಿಲ್ಸ್ ಕಾರ್ಕ್‌ಸ್ಕ್ರೂ ಎಂಬ ಸುರುಳಿ ದಾರಿ ಸಿಗುತ್ತದೆ. ನೆರಳಿಲ್ಲ. ಬೇಸಿಗೆಯಲ್ಲಿ ಅದನ್ನು ಸೂರ್ಯ ಮುಟ್ಟುವ ಮೊದಲೇ ದಾಟಿರಬೇಕು, ಅಂದರೆ ನಾಲ್ಕೂವರೆಗೆಲ್ಲ ಶಿಬಿರದಿಂದ ಹೊರಟಿರಬೇಕು. ನಾವು ಹೊರಟದ್ದು ಏಳೂವರೆಗೆ. ತಪ್ಪು ಬೇರೆ ಯಾರದೂ ಅಲ್ಲ, ಯೋಜನೆ ಹಾಕಿದವರದು, ಅಂದರೆ ಈ ಪತ್ರ ಬರೆಯುತ್ತಿರುವವರದು.

ನಮ್ಮ ಆ ಗೆಳೆಯ ಮಾತು ತೊದಲಿ, ಬಂದ ದಾರಿಗೇ ತಿರುಗಿ ನಡೆಯತೊಡಗಿ, ಕೈ ಹಿಡಿದವರನ್ನು ನೂಕಿದಾಗ ಉಳಿದವರೆಲ್ಲ ಬಾಟಲಿ ಅವನ ಬಾಯಿಗೆ ಹಿಡಿಯಲು ಓಡಿದರು. ಅಕ್ಕ ಅದನ್ನು ಕಿತ್ತುಕೊಂಡು ಅವನ ತಲೆ ಮೇಲೆ ಸುರಿದರು.

‘ಮದ್ಲ ಮೈ ತೋಯ್ಸ್ರಿ. ಕುಡ್ಸೂದು ಆಮ್ಯಾಲೆ.’

ಇಡೀ ಪತ್ರದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಮಂಕಾದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಹೊಟ್ಟೆಗೇ ಹೋದರೂ ಒಳಗಿನ ಶಾಖ ಅಷ್ಟು ಬೇಗ ಇಳಿಯುವುದಿಲ್ಲ. ಅದೇ ಒಂದು ಲೀಟರ್ ನೀರು ಮೈಮೇಲೆ ಆವಿಯಾಗಿ ಹೋದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಹೊತ್ತುಕೊಂಡು ಹೋಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು, ಅಲ್ಲಿ ಬೆವರೇ ಆರುವುದಿಲ್ಲ. ಅರಿಜೋನಾದ ಒಣಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ.

ಪಕ್ಕದ ತೊರೆಯಲ್ಲಿ ನೀರಿತ್ತು, ಅದು ಅದೃಷ್ಟ. ಬೂಟು, ಚೀಲ, ಅಂಗಿ ಬಿಚ್ಚಿಸಿ, ಕಾದ ನೆಲ ಬೆನ್ನಿಗೆ ತಾಗದಂತೆ ಕೆಳಗೆ ಚಾಪೆ ಹಾಸಿಸಿದರು. ತಮ್ಮ ನೀಲಿ ಹತ್ತಿ ವೇಲನ್ನು ತೊರೆಯಲ್ಲಿ ಅದ್ದಿ ಅವನ ಎದೆ-ಹೊಟ್ಟೆ ಮೇಲೆ ಹರವಿದರು. ಇಬ್ಬರು ನೀರು ತರುವುದು, ಒಬ್ಬರು ಸುರಿಯುವುದು, ಇಬ್ಬರು ಟೋಪಿ-ರಟ್ಟು ಹಿಡಿದು ಬೀಸುವುದು, ಗಾಳಿ ನಿಲ್ಲಕೂಡದು. ಬಟ್ಟೆ ಎರಡು ನಿಮಿಷಕ್ಕೆ ಬೆಚ್ಚಗಾಗುತ್ತಿತ್ತು, ಆಗ ಮತ್ತೆ ಅದ್ದುವುದು. ಬೆಚ್ಚಗಾದ ಒದ್ದೆ ಬಟ್ಟೆಯನ್ನು ಹಾಗೇ ಬಿಟ್ಟರೆ ಅದು ಕಂಬಳಿ ಹೊದಿಸಿದ ಹಾಗೆ. ಟ್ರೆಕ್ಕಿಂಗಿಗೆ ಹತ್ತಿ ಬಟ್ಟೆ ಬೇಡ ಎಂದು ಎಲ್ಲೆಡೆ ಹೇಳುತ್ತಾರೆ, ಚಳಿ ಜಾಗಕ್ಕೆ ಸರಿಯಾದ ಮಾತು. ಸುಡುವ ಕಣಿವೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುವ ಹತ್ತಿಯೇ ಬೇಕು.

‘ಬೆವರುತ್ತಾ ಇದಾನಲ್ಲ, ಹೀಟ್ ಸ್ಟ್ರೋಕ್ ಇರಲಿಕ್ಕಿಲ್ಲ’ ಎಂದು ನಮ್ಮಲ್ಲೊಬ್ಬರು ಅಂದರು. ಮೈ ಒಣಗಿರಬೇಕು ಎನ್ನುವುದು ಹಳೇ ನಂಬಿಕೆ. ನಡೆಯುತ್ತಾ ಹೀಟ್ ಸ್ಟ್ರೋಕ್ ಆದವರು ಬೆವರಿನಲ್ಲಿ ತೊಯ್ದಿರುವುದೇ ಹೆಚ್ಚು. ಬಿಸಿಲಿನಲ್ಲಿ ದುಡಿದ ಮೈ, ಮಂಕಾದ ಬುದ್ಧಿ: ತೊದಲು, ತೂರಾಟ, ಸುಮ್ಮಸುಮ್ಮನೆ ಜಗಳ. ಈ ಎರಡು ಸೇರಿದರೆ ಸಾಕು, ಥರ್ಮಾಮೀಟರ್ ಹುಡುಕುತ್ತಾ ಕೂರಬೇಡಿ. ಮೊದಲ ಅರ್ಧ ಗಂಟೆಯಲ್ಲಿ ಮೈ ಎಷ್ಟು ತಣಿಯಿತು ಎನ್ನುವುದರ ಮೇಲೆ ಮಿದುಳು, ಮೂತ್ರಪಿಂಡ ಉಳಿಯುವುದು ನಿಂತಿರುತ್ತದೆ. ಪ್ಯಾರಾಸಿಟಮಾಲ್ ಪ್ರಯೋಜನವಿಲ್ಲ, ಇದು ಜ್ವರವಲ್ಲ. ಅವನು ನಡುಗತೊಡಗಿದಾಗ ನಮಗೆ ಗಾಬರಿ. ಅಕ್ಕ ನಿಲ್ಲಿಸಲಿಲ್ಲ. ಅವನು ತನ್ನ ಹೆಸರು, ತಾನಿರುವ ಜಾಗ ಸರಿಯಾಗಿ ಹೇಳುವ ತನಕ ನೀರು ಬೀಳುತ್ತಲೇ ಇತ್ತು. ಹೆಲಿಕಾಪ್ಟರ್ ಬಂದದ್ದು ಸಂಜೆಗೆ. ಬಿಸಿಗಾಳಿ ತೆಳು, ರೆಕ್ಕೆಗೆ ಹಿಡಿತ ಕಮ್ಮಿ. ಕರೆದ ತಕ್ಷಣ ಬರುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಇಷ್ಟಾಗಿದ್ದರೆ ಇದು ಒಂದು ಹಗಲಿನ ಕಥೆ. ರಾತ್ರಿ ಬಾಕಿಯಿತ್ತು.

ಉಳಿದವರು ನಿಧಾನಕ್ಕೆ ಹವಾಸುಪಾಯ್ ಗಾರ್ಡನ್ಸ್ ಮುಟ್ಟಿದೆವು. ಕಾಟನ್‌ವುಡ್ ಮರಗಳ ನೆರಳು, ಕೊಳಾಯಿ ನೀರು, ರೇಂಜರ್ ಠಾಣೆ ಇರುವ ಜಾಗ. ಮೇಲಿನ ಅಂಚಿಗೆ ಇನ್ನೂ ಏಳು ಕಿಲೊಮೀಟರ್. ಕತ್ತಲಾದ ಮೇಲೆ ತಂಗಿ ವಾಂತಿ ಮಾಡಿದಳು. ತಲೆನೋವು, ಊದಿದ ಬೆರಳು. ಉಂಗುರ ಚರ್ಮಕ್ಕೆ ಕಚ್ಚಿಕೊಂಡಿತ್ತು. ಹಗಲು ಕಂಡದ್ದರ ಭಯದಲ್ಲಿ ನಾವು ಮತ್ತೆ ನೀರಿಗೆ ಓಡಿದೆವು. ಅಕ್ಕ ತಡೆದು ಮೂರೇ ಪ್ರಶ್ನೆ ಕೇಳಿದರು: ಇವತ್ತು ಎಷ್ಟು ನೀರು ಕುಡಿದಿ? ಏನು ತಿಂದಿ? ಎಷ್ಟು ಸಲ ಹೋದಿ? ಏಳೆಂಟು ಲೀಟರ್, ಬರೀ ನೀರು. ತಿಂದದ್ದು ಒಂದು ಬಾಳೆಹಣ್ಣು. ಗಂಟೆಗೆರಡು ಸಲ, ಬಣ್ಣವೇ ಇಲ್ಲದ ಮೂತ್ರ.

ಊರಿನಲ್ಲಿ ವಯಸ್ಸಾದವರನ್ನು ಆಸ್ಪತ್ರೆಗೆ ಸೇರಿಸಿದಾಗ ‘ಸೋಡಿಯಂ ಕಮ್ಮಿ ಆಗಿದೆಯಂತೆ’ ಎನ್ನುತ್ತಾರಲ್ಲ, ಅದೇ. ಬೆವರಿನಲ್ಲಿ ಉಪ್ಪು ಹೋಯಿತು, ಒಳಗೆ ಬಂದದ್ದು ಬರೀ ನೀರು, ರಕ್ತದ ಉಪ್ಪು ತೆಳುವಾಗಿ ಮಿದುಳು ಊದಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಬಿಸಿಲಿನ ಬಳಲಿಕೆಯ ಹಾಗೇ: ವಾಂತಿ, ತಲೆನೋವು, ಸುಸ್ತು. ಚಿಕಿತ್ಸೆ ಮಾತ್ರ ಪೂರ್ತಿ ವಿರುದ್ಧ. ಇನ್ನೊಂದು ಲೀಟರ್ ಕುಡಿಸಿದ್ದರೆ ಫಿಟ್ಸ್ ಬರಬಹುದಿತ್ತು. ಹೆದರಿಕೆಯಲ್ಲಿ ನಾವು ಮಾಡಲು ಹೊರಟದ್ದು ಅದನ್ನೇ.

ಅಕ್ಕ ಬಾಟಲಿಗಳನ್ನೆಲ್ಲ ತಮ್ಮ ತಲೆದೆಸೆಗೆ ಇಟ್ಟುಕೊಂಡರು. ಅರ್ಧ ಕಪ್ ಬಿಸಿನೀರಿಗೆ ಮೂರು ಸೂಪ್ ಕ್ಯೂಬ್ ಕರಗಿಸಿ, ಸಮುದ್ರದ ನೀರಿನಂತಿದ್ದ ಅದನ್ನು ಗುಟುಕು ಗುಟುಕಾಗಿ ಕುಡಿಸಿದರು. ಎಚ್ಚರವಿದ್ದು ನುಂಗಬಲ್ಲವರಿಗೆ ಮಾತ್ರ ಇದು ಸರಿ. ಮಂಪರು ಬಂದರೆ, ಫಿಟ್ಸ್ ಬಂದರೆ ಆಸ್ಪತ್ರೆಯಲ್ಲಿ ಗಾಢ ಉಪ್ಪುನೀರಿನ ಡ್ರಿಪ್ಪೇ ಬೇಕು. ರೇಂಜರ್ ರೇಡಿಯೊದಲ್ಲಿ ವೈದ್ಯರನ್ನು ವಿಚಾರಿಸಿ ಬಂದು, ಇದನ್ನೇ ಮುಂದುವರಿಸಿ ಎಂದರು. ಹೊಟ್ಟೆಯಲ್ಲಿ ಉಳಿದ ನೀರು ಇನ್ನೂ ರಕ್ತಕ್ಕೆ ಸೇರುತ್ತಲೇ ಇರುವುದರಿಂದ ಈಗ ಸರಿಯಿದ್ದವಳು ಎರಡು ತಾಸಿನ ಮೇಲೆ ಕೆಡಬಹುದು. ಹಾಗಾಗಿ ಮಲಗಲು ಬಿಟ್ಟು ಪ್ರತಿ ಇಪ್ಪತ್ತು ನಿಮಿಷಕ್ಕೆ ಎಬ್ಬಿಸುವುದು. ‘ತಂಗಿ, ನಿಮ್ಮೂರಾಗ ಬಸ್‌ಸ್ಟ್ಯಾಂಡ್ ಮುಂದ ಏನೈತಿ ಹೇಳು.’ ಉತ್ತರ ಬರುವ ತನಕ ಅಕ್ಕನ ಬೆರಳು ಅವಳ ನಾಡಿಯ ಮೇಲಿರುತ್ತಿತ್ತು. ಹತ್ತರಿಂದ ಬೆಳಗಿನ ನಾಲ್ಕರವರೆಗೆ ಹದಿನೆಂಟು ಸಲ. ನಾವು ಸರದಿಯಲ್ಲಿ ಕಣ್ಣು ಮುಚ್ಚಿದೆವು, ಅಕ್ಕ ಮುಚ್ಚಲಿಲ್ಲ.

ಅಲ್ಲಿ ಫೋನ್ ಸಿಗುವುದಿಲ್ಲ. ಮೇಲಿನಿಂದ ಗೆಳೆಯನ ಬಗ್ಗೆ ರೇಡಿಯೊದಲ್ಲಿ ಬಂದ ಸುದ್ದಿ ಒಂದೇ ಪದ, ‘ಗಂಭೀರ’. ಅವನ ಅಮ್ಮನಿಗೆ ಏನು ಹೇಳುವುದು ಎಂದು ಆ ಕತ್ತಲಲ್ಲಿ ಮನಸ್ಸಿನೊಳಗೇ ವಾಕ್ಯ ಕಟ್ಟಿ ಒಡೆದೆವು, ಕಟ್ಟಿ ಒಡೆದೆವು. ಯಾವ ವಾಕ್ಯವೂ ಪೂರ್ತಿಯಾಗಲಿಲ್ಲ. ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಮೂರು ಗಂಟೆ ಸುಮಾರಿಗೆ ತಂಗಿ, ‘ಅಕ್ಕಾ, ಬಸ್‌ಸ್ಟ್ಯಾಂಡ್ ಮುಂದೆ ಗಿರ್ಮಿಟ್ ಅಂಗಡಿ ಅಂತ ಎಷ್ಟು ಸಲ ಹೇಳಲಿ’ ಎಂದು ರೇಗಿದಳು. ಅಕ್ಕ ಮೊದಲ ಸಲ ನಕ್ಕರು.

ಬೇರೆಯವರಿಗೂ ಉಪಯೋಗವಾಗಲಿ ಎಂದು ಅಕ್ಕ ಕೆಲವು ಮಾತು ಬರೆಸಿದ್ದಾರೆ. ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು, ಬಾಯಾರಿಕೆ ನೋಡಿಕೊಂಡು. ಕರುಳು ಹೀರಿಕೊಳ್ಳುವುದೇ ಗಂಟೆಗೆ ಸುಮಾರು ಒಂದು ಲೀಟರ್, ಅದರ ಮೇಲೆ ಸುರಿದುಕೊಂಡರೆ ಹೊಟ್ಟೆಯಲ್ಲಿ ಕುಲುಕಾಡುತ್ತದೆ ಅಷ್ಟೆ. ಪ್ರತಿ ಅರ್ಧ ಗಂಟೆಗೆ ಉಪ್ಪಿನದೊಂದು ತಿನಿಸು, ಹಸಿವಿಲ್ಲದಿದ್ದರೂ. ನಿಪ್ಪಟ್ಟು, ಕೋಡುಬಳೆ, ಖಾರಾ ಶೇಂಗಾ ಎಲ್ಲ ಆದೀತು. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದ ಅಳತೆಯ ನೀರಿಗೇ ಹಾಕುವುದು, ರುಚಿಗೆಂದು ತೆಳು ಮಾಡುವುದಲ್ಲ. ಬೆನ್ನಚೀಲದ ನೀರಿನ ಕೊಳವೆಯಲ್ಲಿ ನಿಂತ ನೀರು ಚಹಾದಷ್ಟು ಬಿಸಿಯಾಗುತ್ತದೆ, ಕುಡಿದಾದ ಮೇಲೆ ಊದಿ ಒಳಕ್ಕೆ ಕಳಿಸಬೇಕು. ಕಣಿವೆಗೆ ಇಳಿಯುವಾಗ ಮೂರನೇ ಒಂದು ಪಾಲು ನೀರು ಖರ್ಚಾಯಿತೋ, ನಿಂತಲ್ಲಿಂದಲೇ ಹಿಂತಿರುಗುವುದು. ಸೌತ್ ಕೈಬಾಬ್ ದಾರಿಯಲ್ಲಂತೂ ನದಿ ಮುಟ್ಟುವ ತನಕ ಹನಿ ನೀರಿಲ್ಲ. ಬಿಪಿಗೆ ನೀರಿಳಿಸುವ ಮಾತ್ರೆ, ಎದೆಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್, ನಿದ್ದೆ ತರಿಸುವ ಅಲರ್ಜಿ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳಬೇಕು. ಹತ್ತರಿಂದ ನಾಲ್ಕರ ತನಕ ನೆರಳು ಬಿಟ್ಟು ಕದಲಬಾರದು. ರೇಂಜರುಗಳೂ ಹೇಳುವುದು ಇದನ್ನೇ.

‘ನಾವು ರಾಯಚೂರಿನವರು, ನಮಗೇನು ಬಿಸಿಲು ಹೊಸದೇ’ ಎಂಬ ಮಾತು ನಮ್ಮ ಬಳಗದಲ್ಲಿ ಬಹಳ ಸಲ ಕೇಳಿಬಂದಿದೆ. ಮೈ ಬಿಸಿಲಿಗೆ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು, ಕೆಲವೇ ವಾರ ಏಸಿಯಲ್ಲಿ ಕೂತರೆ ಆ ಒಗ್ಗಿಕೆ ಕರಗಿಹೋಗುತ್ತದೆ. ಹತ್ತು ವರ್ಷದ ಹಿಂದಿನ ರಾಯಚೂರು ಈಗ ಮೈಯಲ್ಲಿಲ್ಲ. ಅಷ್ಟಕ್ಕೂ ರಾಯಚೂರಿನಲ್ಲಿ ಮೇ ತಿಂಗಳ ಮಟಮಟ ಮಧ್ಯಾಹ್ನ ಯಾರು ಬೆನ್ನಿಗೆ ಹನ್ನೆರಡು ಕಿಲೊ ಕಟ್ಟಿಕೊಂಡು ಗುಡ್ಡ ಹತ್ತುತ್ತಾರೆ? ಬೇವಿನ ನೆರಳಿನಲ್ಲಿ ಮಲಗಿರುತ್ತಾರೆ. 2023ರಲ್ಲಿ ಫೀನಿಕ್ಸ್ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಸೆಲ್ಸಿಯಸ್, ಇಲ್ಲವೇ ಅದಕ್ಕಿಂತ ಹೆಚ್ಚು ಕಂಡ ಊರು. ಇಲ್ಲೇ ವಾಸವಿರುವುದೂ ತಾಲೀಮಲ್ಲ.

ಅಕ್ಕ, ನಿಮ್ಮ ನೀಲಿ ವೇಲು ನಮ್ಮ ಹತ್ತಿರವೇ ಉಳಿದಿದೆ. ಮೂರು ಸಲ ಒಗೆದರೂ ಕಣಿವೆಯ ಕೆಂಪು ಪೂರ್ತಿ ಹೋಗಿಲ್ಲ. ಈ ಭಾನುವಾರ ತಂಗಿ ತಂದುಕೊಡುತ್ತಾಳೆ, ಜೊತೆಗೆ ಒಂದು ಡಬ್ಬಿ ಸೂಪ್ ಕ್ಯೂಬ್. ಬೇಡ ಅನ್ನಬೇಡಿ.