ವಾಯುನೆಲೆಯ ದ್ವಾರದಲ್ಲಿ ನೆರವಾದ ಸಹೋದರಿಗೆ

ಪತಿ ಮೊದಲೇ ಕರ್ತವ್ಯಕ್ಕೆ ಹಾಜರಾಗಿದ್ದರಿಂದ, ಅವಲಂಬಿತರ ಗುರುತಿನ ಚೀಟಿಯೂ ಸಿದ್ಧವಾಗಿರದ ನಾನು ಇಬ್ಬರು ಮಕ್ಕಳೊಂದಿಗೆ ವಾಯುನೆಲೆಯ ಕಾವಲು ಕೊಠಡಿಯ ಮುಂದೆ ನಿಂತಿದ್ದಾಗ, ತಾತ್ಕಾಲಿಕ ಪ್ರವೇಶಪತ್ರಕ್ಕೆ ಬೇಕಾದ ದಾಖಲೆಗಳನ್ನು ತಾವು ತಾಳ್ಮೆಯಿಂದ ವಿವರಿಸಿ, ಪತಿಗೆ ಸುದ್ದಿ ಮುಟ್ಟಿಸಿದಿರಿ. ವಸತಿಗೃಹವನ್ನು ವಶಕ್ಕೆ ಪಡೆಯುವ ಮುನ್ನ ಪೀಠೋಪಕರಣಗಳ ಪಟ್ಟಿಯನ್ನು ಒಂದೊಂದಾಗಿ ತಾಳೆ ನೋಡಿ, ಬಿರುಕು, ಕೊರತೆಗಳನ್ನು ಅಂದೇ ಬರೆಸಬೇಕೆಂದು ತಾವು ಹೇಳದಿದ್ದರೆ ನನಗದು ಹೊಳೆಯುತ್ತಲೇ ಇರಲಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಯುದ್ಧವಿಮಾನಗಳ ಅಬ್ಬರಕ್ಕೆ ಬೆಚ್ಚುತ್ತಿದ್ದ ಕಿರಿಯ ಮಗಳಿಗೆ, ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇರುತ್ತವೆ ಎಂದು ತಿಳಿಸಿಕೊಟ್ಟಿರಿ. ಈಗ ಅವಳು ಸದ್ದು ಕೇಳಿದೊಡನೆ ಅಂಗಳಕ್ಕೆ ಓಡಿ, ಗಾಳಿ ಯಾವ ದಿಕ್ಕಿನದೆಂದು ನನಗೇ ಹೇಳುತ್ತಾಳೆ. ಹೆಸರನ್ನೂ ಹೇಳದೆ ಹೊರಟುಹೋದ ತಮಗೆ ನಮ್ಮೆಲ್ಲರ ಹೃತ್ಪೂರ್ವಕ ಧನ್ಯವಾದಗಳು.