ಶಿಕ್ಷೆ ಜಾಸ್ತಿಯಾದರೆ ಮೇಲ್ಮನವಿ ಇದೆ

ಸಂಪಾದಕರೇ,

ವಿದ್ಯುತ್ ಇಲಾಖೆಯ ಸಾಮಾನು ಕದ್ದಿದ್ದಕ್ಕೆ 18 ವರ್ಷ ಜೈಲು! ಉತ್ತರ ಪ್ರದೇಶದ ಒಬ್ಬ ಕೈದಿಗೆ ಹೀಗೇ ಆಗಿತ್ತು. ಒಂಬತ್ತು ಕೇಸು, ಒಂದೊಂದಕ್ಕೂ ಎರಡು ವರ್ಷ. ಎಲ್ಲ ಶಿಕ್ಷೆಯೂ ಒಟ್ಟಿಗೇ ನಡೆಯಲಿ ಅಂತ ಆದೇಶದಲ್ಲಿ ಇರಲಿಲ್ಲ. ಹಾಗಾಗಿ ಒಂದು ಮುಗಿದ ಮೇಲೆ ಇನ್ನೊಂದು ಅಂತ ಜೈಲಿನವರು ಲೆಕ್ಕ ಹಾಕಿದರು. ಹೈಕೋರ್ಟೂ ಕೈ ಹಿಡಿಯಲಿಲ್ಲ. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸರಿಪಡಿಸಿತು.

ತಪ್ಪಿಗೆ ಶಿಕ್ಷೆ ಬೇಕು, ನಿಜ. ಆದರೆ ಕಳ್ಳತನಕ್ಕೆ ಕೊಲೆಗಾರನಷ್ಟು ವರ್ಷ ಒಳಗಿರುವುದು ಅನ್ಯಾಯ ಅಲ್ವಾ?

ಬಡವರು ಮೇಲ್ಮನವಿ ಅಂದರೆ ಹೆದರುತ್ತಾರೆ. ವಕೀಲರಿಗೆ ದುಡ್ಡೆಲ್ಲಿ, ಶಿಕ್ಷೆ ಇನ್ನೂ ಹೆಚ್ಚಾದರೆ ಅನ್ನೋ ಭಯ. ಆದರೆ ಅಪರಾಧಿ ತಾನೇ ಹಾಕಿದ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ. ಜೈಲಿಗೆ ಹೋಗುವವರಿಗೆ ತೀರ್ಪಿನ ಪ್ರತಿ ಪುಕ್ಕಟೆ ಸಿಗಬೇಕು. ಅರ್ಜಿಯನ್ನು ಜೈಲಿನ ಅಧಿಕಾರಿಯ ಕೈಗೇ ಕೊಡಬಹುದು. ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಗಡುವು ಮಾತ್ರ ನೆನಪಿರಲಿ: ಹೈಕೋರ್ಟಿಗೆ 60 ದಿನ, ಸೆಷನ್ಸ್ ಕೋರ್ಟಿಗೆ 30 ದಿನ.

ಇಷ್ಟನ್ನು ನಮ್ಮ ಪ್ರತಿ ಜೈಲಿನ ಗೋಡೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಬೇಕು. ಓದಲು ಬಾರದವರಿಗೆ ಸಿಬ್ಬಂದಿ ಓದಿ ಹೇಳಲಿ.

– ಒಬ್ಬ ಓದುಗ, ಧಾರವಾಡ