ಬ್ರೇಕ್ ಶಾಟ್‌ಗೆ ಯಾವ ಸ್ಪಿನ್?

ಎಲ್ಲರಿಗೂ ನಮಸ್ಕಾರ. ಸ್ಟ್ರೇಟ್ ಪೂಲ್ (ಯಾವ ಚೆಂಡನ್ನಾದರೂ ಪಾಕೆಟ್‌ಗೆ ಹಾಕಿ ಅಂಕ ಗಳಿಸುವ ಪೂಲ್ ಆಟ) ಆಡುವವರು ಒಮ್ಮೆ ಓದಿಕೊಳ್ಳಿ. 14 ಚೆಂಡು ತ್ರಿಕೋನಾಕಾರದ ರ‍್ಯಾಕ್‌ನಲ್ಲಿ, 15ನೆಯದು, ಅಂದರೆ ಬ್ರೇಕ್ ಬಾಲ್, ಅದರ ಪಕ್ಕದಲ್ಲಿ; ಅದನ್ನು ಪಾಕೆಟ್‌ಗೆ ಹಾಕುತ್ತಲೇ ಬಿಳಿ ಚೆಂಡಿನಿಂದ ಆ ಗುಂಪನ್ನು ಒಡೆಯುವುದೇ ಬ್ರೇಕ್ ಶಾಟ್. ಮಾಮೂಲಿ ಸನ್ನಿವೇಶದ ಮಾತು ಇದು.

ಮೊದಲು ನೋಡಬೇಕಾದ್ದು ಬಿಳಿ ಚೆಂಡು ರ‍್ಯಾಕ್‌ನಲ್ಲಿ ಎಲ್ಲಿಗೆ ಬಡಿಯುತ್ತದೆ ಅನ್ನೋದು. ಬ್ರೇಕ್ ಬಾಲ್ ಹೋಗುವ ದಾರಿಗೆ 90 ಡಿಗ್ರಿಯಲ್ಲಿ ಒಂದು ಗೆರೆ ಊಹಿಸಿಕೊಳ್ಳಿ. ಬ್ರೇಕ್ ಬಾಲ್ ರ‍್ಯಾಕ್‌ಗೆ ತೀರಾ ಹತ್ತಿರ ಇದ್ದರೆ, ಗಟ್ಟಿ ಹೊಡೆತದಲ್ಲಿ ಬಿಳಿ ಚೆಂಡಿಗೆ ಬಾಗಲು ಜಾಗವೇ ಸಿಗುವುದಿಲ್ಲ. ಹೆಚ್ಚುಕಡಿಮೆ ಆ ಗೆರೆಯಲ್ಲೇ ಹೋಗಿ ಬಡಿಯುತ್ತದೆ. ಸ್ಪಿನ್‌ನ ನಿಜವಾದ ಕೆಲಸ ಶುರುವಾಗುವುದು ಆಮೇಲೆ.

ಗೆರೆ ರ‍್ಯಾಕ್‌ನ ಟೇಬಲ್ ನಡುವಿಗೆ ಮುಖ ಮಾಡಿರುವ ತುದಿ ಕಡೆಯ ಚೆಂಡುಗಳಿಗೆ ತಾಗುತ್ತಿದ್ದರೆ ಡ್ರಾ (ಬಿಳಿ ಚೆಂಡಿನ ಕೆಳಭಾಗಕ್ಕೆ ಹೊಡೆದು ಹಿಮ್ಮುಖ ಸ್ಪಿನ್) ಕೊಡಿ, ಬಿಳಿ ಚೆಂಡು ಟೇಬಲ್ ನಡುವಿಗೆ ವಾಪಸ್ ಬರುತ್ತದೆ. (ಜೋರು ಜಾಸ್ತಿಯಾದರೆ ಸೈಡ್ ಪಾಕೆಟ್ ಪಾಲು, ಎಚ್ಚರ.) ಬದಿಯ ಮಧ್ಯಕ್ಕೋ ಅದಕ್ಕಿಂತ ಕೆಳಗೋ ತಾಗುತ್ತಿದ್ದರೆ ಫಾಲೋ (ಮೇಲ್ಭಾಗಕ್ಕೆ ಹೊಡೆದು ಮುಮ್ಮುಖ ಸ್ಪಿನ್): ಗುಂಪನ್ನು ತಳ್ಳಿಕೊಂಡು ಹೊರಗೆ ಬರುತ್ತದೆ. ಅಲ್ಲಿ ಸ್ಟನ್ (ಬಡಿಯುವಾಗ ಹಿಂದೆ-ಮುಂದೆ ಸ್ಪಿನ್ ಇಲ್ಲದ ಹೊಡೆತ) ಹೊಡೆದರೆ ಬಿಳಿ ಚೆಂಡು ಗುಂಪಿಗೇ ಅಂಟಿ ಕೂರುತ್ತದೆ, ಮುಂದಿನ ಶಾಟ್ ಇರುವುದಿಲ್ಲ.

ಬ್ರೇಕ್ ಬಾಲ್ ರ‍್ಯಾಕ್‌ನ ಹಿಂದೆ ಇದ್ದು, ಬಿಳಿ ಚೆಂಡು ಕುಶನ್‌ಗೆ ತಾಗಿ ರ‍್ಯಾಕ್‌ಗೆ ಬರಬೇಕಾದಾಗ ಮಾತ್ರ ರನ್ನಿಂಗ್ ಸೈಡ್ (ಕುಶನ್‌ನಿಂದ ಚೆಂಡು ಹೋಗುವ ದಿಕ್ಕಿಗೇ ನೆರವಾಗುವ ಪಕ್ಕದ ಸ್ಪಿನ್) ಉಪಯೋಗಕ್ಕೆ ಬರುತ್ತದೆ, ವೇಗ ಸಾಯುವುದಿಲ್ಲ. ಉಳಿದ ಕಡೆ ಸೈಡ್ ಬೇಡ; ಬಿಳಿ ಚೆಂಡು ಗುರಿಯಿಂದ ಪಕ್ಕಕ್ಕೆ ಸರಿದು ಪಾಟ್ ತಪ್ಪುತ್ತದೆ.

57 ಮಿ.ಮೀ. ಚೆಂಡಿನಲ್ಲಿ ನಡುವಿನಿಂದ ಸುಮಾರು 14 ಮಿ.ಮೀ. ದಾಟಿದರೆ ಕ್ಯೂ ಕೋಲಿನ ಟಿಪ್ ಜಾರುತ್ತದೆ. 10ರೊಳಗೆ ಇರಿ. ದೂರದಿಂದ ಡ್ರಾ ಹೊಡೆಯುವಾಗ ದಾರಿಯಲ್ಲೇ ಹಿಮ್ಮುಖ ಸ್ಪಿನ್ ಕರಗುತ್ತದೆ, ಹಾಗಾಗಿ ಮೂರ್ನಾಲ್ಕು ಅಡಿ ಮೀರಿದರೆ ಫಾಲೋ ಬರುವಂಥ ಕೋನವನ್ನೇ ಮೊದಲಿಂದ ಇಟ್ಟುಕೊಳ್ಳಿ.